ನೂರಾ ಆರು ಸೆಂಟಿಮೀಟರಿನ ಮಗಳೊಂದಿಗೆ ಸಿಂಗಪುರಕ್ಕೆ

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಮನರಂಜನಾ ಪಾರ್ಕಿನಲ್ಲಿ, ಜುರಾಸಿಕ್ ಪಾರ್ಕ್ ನೀರಿನ ಸವಾರಿಯ ಬಾಗಿಲಲ್ಲಿದ್ದ ಹುಡುಗಿ ಮೊದಲು ಮೊಣಕಾಲೂರಿ ಕುಳಿತು ನನ್ನ ಮಗಳನ್ನು ನೋಡಿ ನಕ್ಕಳು. ಆಮೇಲೆ ಅಳತೆಯ ಕೋಲನ್ನು ಅವಳ ಬೆನ್ನಿಗೆ ಹಿಡಿದು, ಎರಡು ಜುಟ್ಟುಗಳ ನಡುವಿನ ಬೈತಲೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಗೆರೆ ಇದ್ದದ್ದು 107 ಸೆಂಟಿಮೀಟರಿಗೆ. ನಮ್ಮವಳು ಒಂದು ಸೆಂಟಿಮೀಟರ್ ಕಡಿಮೆ. ವಿಜಯಪುರದ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗುರುತು ಹಾಕಿದಾಗ ಜುಟ್ಟನ್ನೂ ಸೇರಿಸಿ ಅಳೆದಿದ್ದೆವು. ಐದೂವರೆ ವರ್ಷದ ಮಗು ಮೂರು ತಿಂಗಳಿಂದ ಕನಸು ಕಂಡ ಸವಾರಿ ಅದು. ತುಟಿ ನಡುಗಿತು, ಕಣ್ಣು ತುಂಬಿತು, ಆದರೆ ಅಳಲಿಲ್ಲ. "ಅವ್ವಾ, ಊರಿಗೆ ಹೋಗಿ ದೊಡ್ಡವಳಾಗಿ ಮತ್ತೆ ಬರೋಣ" ಎಂದಳು. ನನಗೇ ಅಳು ಬಂತು.

ಆದ್ದರಿಂದ ಸಣ್ಣ ಮಕ್ಕಳನ್ನು ಕರೆದುಕೊಂಡು ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೊರಡುವವರಿಗೆ ನನ್ನ ಮೊದಲ ಮಾತು: ಟಿಕೆಟ್ ಕೊಳ್ಳುವ ಮೊದಲೇ ಮಗುವನ್ನು ಗೋಡೆಗೆ ನಿಲ್ಲಿಸಿ, ಜುಟ್ಟು ಬಿಚ್ಚಿ, ಚಪ್ಪಲಿ ಬಿಡಿಸಿ ಅಳೆಯಿರಿ. ಹಳಿಯ ಕೆಳಗೆ ತೂಗಿಕೊಂಡು ಸಾಗುವ ಕ್ಯಾನೊಪಿ ಫ್ಲೈಯರ್‌ಗೆ ಕನಿಷ್ಠ 92 ಸೆಂಟಿಮೀಟರ್ ಬೇಕು, ಟ್ರಾನ್ಸ್‌ಫಾರ್ಮರ್ಸ್‌ಗೆ 102, ಕತ್ತಲೆಯೊಳಗೆ ಓಡುವ ರೋಲರ್ ಕೋಸ್ಟರ್ ಆದ ಮಮ್ಮಿ ಸವಾರಿಗೆ 122, ಎತ್ತರದ ಎರಡು ರೋಲರ್ ಕೋಸ್ಟರ್‌ಗಳಿಗೆ 125. ಒಂದು ಸೆಂಟಿಮೀಟರನ್ನೂ ಬಿಟ್ಟುಕೊಡುವುದಿಲ್ಲ, ಅದು ಸರಿಯೂ ಹೌದು. ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ದೊಡ್ಡ ತೊಟ್ಟಿಲು ಏರುವ ಮಕ್ಕಳಿಗೆ ಈ ಲೆಕ್ಕ ಹೊಸದು, ಮನೆಯಲ್ಲೇ ತಿಳಿಸಿ ಹೇಳಿರಬೇಕು. ಜಾತ್ರೆಯಿಂದ ಇನ್ನೊಂದು ಉಪಯೋಗವೂ ಇದೆ. ಮಗು ಗಿರಕಿಗೆ ಹೆದರುತ್ತದೆಯೋ, ಕತ್ತಲೆಗೆ ಹೆದರುತ್ತದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಆ ಪಾರ್ಕಿನಲ್ಲಿ ಟಿಕೆಟ್ ಇಲ್ಲ. ಎರಡೂವರೆ ವರ್ಷದ ಮಗನಿಗೆ ನಾವು ಏನೂ ಕೊಡಬೇಕಾಗಲಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ಸಿಂಗಪುರಕ್ಕೆ ಕಾಲಿಡುವಾಗ ಅದರಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ವೀಸಾವನ್ನು ಅಧಿಕೃತ ಏಜೆಂಟರ ಮೂಲಕ ಮಾಡಿಸಿ. ಅಲ್ಲಿ ಇಳಿಯುವ ಮುಂಚೆ, ಇಳಿಯುವ ದಿನವೂ ಸೇರಿದಂತೆ ಮೂರು ದಿನಗಳ ಒಳಗೆ, ಆನ್‌ಲೈನ್‌ನಲ್ಲಿ ಆಗಮನ ಕಾರ್ಡನ್ನು (ಎಸ್‌ಜಿ ಅರೈವಲ್ ಕಾರ್ಡ್) ಮಕ್ಕಳ ಹೆಸರಿನಲ್ಲೂ ತುಂಬಬೇಕು. ಅದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅಲ್ಲಿಂದ ಹೊರಬನ್ನಿ.

ಹೊರಡುವ ಕಾಲವನ್ನು ಏಪ್ರಿಲ್ ಕೊನೆ ಅಥವಾ ಮೇ ಮೊದಲರ್ಧಕ್ಕೆ ಇಟ್ಟುಕೊಳ್ಳಿ. ನಮ್ಮ ಶಾಲೆಗಳಿಗೆ ಆಗ ರಜೆ, ಅಲ್ಲಿಯ ಶಾಲೆಗಳಿಗೆ ರಜೆ ಸಿಗುವುದು ಜೂನ್‌ನಲ್ಲಿ. ವಾರದ ನಡುವಿನ ದಿನ ಆರಿಸಿಕೊಂಡರೆ ಸಾಲು ಇನ್ನಷ್ಟು ಚಿಕ್ಕದು. ನಾವು ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ಒಂದು ಹಗಲು ನೆಂಟರ ಮನೆಯಲ್ಲಿ ಮಕ್ಕಳನ್ನು ಮಲಗಿಸಿ, ರಾತ್ರಿ ವಿಮಾನ ಹಿಡಿದೆವು. ಹಾರಾಟ ನಾಲ್ಕೂವರೆ ಗಂಟೆಯದು, ಆದರೆ ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ರಾತ್ರಿಯೇ ಇಲ್ಲದಂತೆ ಬೆಳಗಾಗುತ್ತದೆ. ಆ ದಿನ ಎಲ್ಲಿಗೂ ಟಿಕೆಟ್ ಮಾಡಿಸಬೇಡಿ. ಗಾರ್ಡನ್ಸ್ ಬೈ ದಿ ಬೇ ಉದ್ಯಾನದೊಳಗೆ ಮಕ್ಕಳಿಗೆಂದೇ ನೀರಾಟದ ತೋಟವಿದೆ, ಪ್ರವೇಶ ಉಚಿತ, ಸೋಮವಾರ ಮುಚ್ಚಿರುತ್ತದೆ. ನಾವು ಮಧ್ಯಾಹ್ನ ಮಲಗಿ ಎದ್ದು ಅಲ್ಲಿಗೆ ಹೋದೆವು. ಕತ್ತಲಾದ ಮೇಲೆ ಎತ್ತರದ ಕೃತಕ ಮರಗಳ ಬೆಳಕಿನಾಟ ನೋಡಿದೆವು, ಅದಕ್ಕೂ ದುಡ್ಡು ಕೊಡಬೇಕಿಲ್ಲ. ನೀರಾಟಕ್ಕೆಂದು ಬದಲಿ ಬಟ್ಟೆ ಇಟ್ಟುಕೊಂಡು ಹೋಗಿ.

ತಂಗಲು ನಾನು ಭಾರತೀಯರ ಅಂಗಡಿ, ಹೋಟೆಲ್‌ಗಳಿರುವ ಲಿಟಲ್ ಇಂಡಿಯಾ ಬಡಾವಣೆ ಎಂದೇ ಹೇಳುತ್ತೇನೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸದಂಥ ಸಸ್ಯಾಹಾರಿ ಹೋಟೆಲ್‌ಗಳಿವೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಅಲ್ಲಿ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ಹೋಗಬಹುದು. ಅಲ್ಲಿಂದ ಪಾರ್ಕ್ ಇರುವ ಸೆಂಟೋಸಾ ದ್ವೀಪಕ್ಕೆ ಮೊನೊರೈಲ್ ಇದೆ. ಮೆಟ್ರೋದಲ್ಲಿ ಮಕ್ಕಳ ಕೈಗೆ ಬಿಸ್ಕತ್ತನ್ನೂ ಕೊಡಬೇಡಿ, ತಿಂದರೆ ದಂಡ ಬೀಳುತ್ತದೆ. ಮೊಬೈಲಿನಲ್ಲಿ ಕರೆಸುವ ಖಾಸಗಿ ಕಾರುಗಳಲ್ಲಿ 1.35 ಮೀಟರಿಗಿಂತ ಗಿಡ್ಡ ಮಕ್ಕಳಿಗೆ ತಕ್ಕ ಆಸನ ಇರಲೇಬೇಕೆಂಬ ಕಾನೂನಿದೆ, ಟ್ಯಾಕ್ಸಿಗಳಿಗೆ ಮಾತ್ರ ವಿನಾಯಿತಿ. ಇದು ತಿಳಿಯದೆ ನಾವು ಒಂದು ಸಂಜೆ ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಬದಿಯಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತು.

ಅತ್ತೆಯವರು ಎರಡು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಿದ್ದರು. ಅದು ಇಲ್ಲದಿದ್ದರೆ ಮಗನ ಪಾಡು ಏನಾಗುತ್ತಿತ್ತೋ! ಅಲ್ಲಿಯ ಅಂಗಡಿಯಲ್ಲಿ ಮೊಸರು ಕೊಂಡು, ರೊಟ್ಟಿ ಮುರಿದು ನೆನೆಸಿ, ಬೆಳಗ್ಗೆ ಕೋಣೆಯಲ್ಲೇ ತಿನ್ನಿಸಿ ಹೊರಡುತ್ತಿದ್ದೆವು. ಪಾರ್ಕಿನೊಳಗೆ ಹೊರಗಿನ ಊಟ ಒಯ್ಯಲು ಬಿಡುವುದಿಲ್ಲ, ಕೂಸುಗಳ ಆಹಾರದ ಮಾತು ಬೇರೆ. ಆದರೆ ಊಟಕ್ಕೆಂದು ಹೊರಬರುವಾಗ ಕೈಗೆ ಮುದ್ರೆ ಹಾಕಿಸಿಕೊಂಡರೆ ಅದೇ ದಿನ ಮತ್ತೆ ಒಳಗೆ ಹೋಗಬಹುದು.

ಬಿಸಿಲಿನ ಬಗ್ಗೆ ನಾವು ವಿಜಯಪುರದವರು ತಪ್ಪು ಲೆಕ್ಕ ಹಾಕುತ್ತೇವೆ. ನಲವತ್ತು ಡಿಗ್ರಿ ಕಂಡವರಿಗೆ ಮೂವತ್ತೆರಡು ಯಾವ ಲೆಕ್ಕ ಎಂದುಕೊಂಡಿದ್ದೆವು. ನಮ್ಮೂರಿನ ಒಣ ಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರುತ್ತದೆ, ಅಲ್ಲಿ ಆರುವುದೇ ಇಲ್ಲ. ಹನ್ನೆರಡು ಗಂಟೆಗೆ ಮಗನ ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು, ಮುಖ ಕೆಂಪಾಗಿತ್ತು. ನಲ್ಲಿಯ ನೀರು ಕುಡಿಯಲು ಯೋಗ್ಯವಾದದ್ದು, ಬಾಟಲಿ ತುಂಬಿಸಿಕೊಳ್ಳುತ್ತಿರಿ. ಮಕ್ಕಳನ್ನು ಕೂರಿಸಿ ತಳ್ಳುವ ಹಗುರವಾದ ಗಾಡಿ (ಸ್ಟ್ರಾಲರ್) ಊರಿನಿಂದಲೇ ಒಯ್ಯಿರಿ. ಮಧ್ಯಾಹ್ನ ಸಿಡಿಲಿನ ಮಳೆ ಬಂದರೆ ಬಯಲಿನ ಸವಾರಿಗಳನ್ನೆಲ್ಲ ನಿಲ್ಲಿಸುತ್ತಾರೆ. ಹಾಗಾಗಿ ಬಯಲಿನದ್ದು ಬೆಳಗ್ಗೆ, ಸೂರಿನಡಿಯದ್ದು ಮಧ್ಯಾಹ್ನ.

ಪಾರ್ಕಿನಲ್ಲಿ ನಾವು ಇಡೀ ದಿನ ಮಾಡಿದ್ದು ಏಳೇ ಸವಾರಿ, ಅದರಲ್ಲಿ ಎರಡು ಮತ್ತೆ ಮತ್ತೆ ಹತ್ತಿದ್ದು. 2025ರಲ್ಲಿ ತೆರೆದ ಮಿನಿಯನ್ ಲ್ಯಾಂಡ್ ಎಂಬ ಭಾಗಕ್ಕೆ ಪಾರ್ಕಿನ ಬಾಗಿಲು ತೆರೆದ ಕೂಡಲೇ ಹೋಗಿ, ಆಮೇಲೆ ಅಲ್ಲಿ ಜನ ತುಂಬುತ್ತಾರೆ. ಅಲ್ಲಿಯ ಸುತ್ತುವ ತೊಟ್ಟಿಲಿನಿಂದ ಮಗ ಇಳಿಯಲೇ ಒಲ್ಲೆ ಎಂದ. ಸೆಸಮಿ ಸ್ಟ್ರೀಟ್‌ನ ಸ್ಪಾಗೆಟ್ಟಿ ಸ್ಪೇಸ್ ಚೇಸ್ ಸೂರಿನಡಿಯ ನಿಧಾನದ ಸವಾರಿ, ಪುಟ್ಟ ಮಕ್ಕಳನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಬಹುದು. ಉದ್ದ ಸಾಲು ತಪ್ಪಿಸಲು ಕೊಳ್ಳುವ ದುಬಾರಿ ಎಕ್ಸ್‌ಪ್ರೆಸ್ ಪಾಸ್ ಇಷ್ಟು ಚಿಕ್ಕ ಮಕ್ಕಳಿರುವವರಿಗೆ ಬೇಡವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ತಪ್ಪಿಸಿಕೊಡುವ ಉದ್ದನೆಯ ಸಾಲುಗಳು ಹೆಚ್ಚಾಗಿ ದೊಡ್ಡವರ ಸವಾರಿಗಳದ್ದು. ಅವುಗಳ ಆಸೆ ಇದ್ದರೆ ಬಾಗಿಲಲ್ಲಿ ಚೈಲ್ಡ್ ಸ್ವಾಪ್ ಕೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಇದ್ದು, ಆಮೇಲೆ ಸಾಲಿನಲ್ಲಿ ಮತ್ತೆ ನಿಲ್ಲದೆ ಹೋಗಬಹುದು. ನನ್ನ ಪತಿ ಮಮ್ಮಿ ಸವಾರಿಗೆ ಹೋಗಿ ಬಂದರು, ನನ್ನ ಸರದಿಯನ್ನು ನಾನು ಮಗಳ ಜೊತೆ ಇನ್ನೊಮ್ಮೆ ಕ್ಯಾನೊಪಿ ಫ್ಲೈಯರ್ ಹತ್ತಲು ಬಿಟ್ಟುಕೊಟ್ಟೆ. ಅದರ ಗೆರೆ ದಾಟಿದ್ದೇ ಅವಳಿಗೆ ದೊಡ್ಡ ಸಮಾಧಾನ.

ನಾವು ಮಾಡಿದ ದೊಡ್ಡ ತಪ್ಪು ಮೂರನೆಯ ದಿನದ್ದು. ಹಗಲಿಗೆ ಪ್ರಾಣಿ ಸಂಗ್ರಹಾಲಯ, ಅದೇ ರಾತ್ರಿಗೆ ಕತ್ತಲಲ್ಲಿ ಪ್ರಾಣಿಗಳನ್ನು ತೋರಿಸುವ ನೈಟ್ ಸಫಾರಿ ಎಂದು ಎರಡನ್ನೂ ಜೋಡಿಸಿದೆವು. ಎರಡೂ ಸಿಂಗಪುರದ ಉತ್ತರಕ್ಕಿರುವ ಮಂಡಾಯಿಯಲ್ಲಿ ಅಕ್ಕಪಕ್ಕ ಇರುವುದು ನಿಜ. ಆದರೆ ಸಫಾರಿ ತೆರೆಯುವುದು ಸಂಜೆ ಏಳು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಮಗ ನಿದ್ದೆಯಲ್ಲಿದ್ದ, ಮಗಳು ಹಟಕ್ಕೆ ಬಿದ್ದಿದ್ದಳು. ಎರಡು ಬೇರೆ ದಿನ ಇಡಿ, ಸಫಾರಿಯ ದಿನ ಮಧ್ಯಾಹ್ನ ಕಡ್ಡಾಯವಾಗಿ ಮಲಗಿಸಿ. ಹಳೆಯ ಪಟ್ಟಿ ಹಿಡಿದು ಜುರಾಂಗ್ ಪಕ್ಷಿಧಾಮ ಹುಡುಕುವವರಿಗೆ ಒಂದು ಮಾತು: ಅದು 2023ರಲ್ಲಿ ಮುಚ್ಚಿತು, ಹಕ್ಕಿಗಳೆಲ್ಲ ಈಗ ಮಂಡಾಯಿಯ ಬರ್ಡ್ ಪ್ಯಾರಡೈಸ್‌ನಲ್ಲಿವೆ.

ಮರಳುವ ದಿನ ಚಾಂಗಿ ವಿಮಾನ ನಿಲ್ದಾಣಕ್ಕೆ ಮೂರು ತಾಸು ಮುಂಚೆಯೇ ಹೋಗಿ. ಪಕ್ಕದ ಜುವೆಲ್ ಕಟ್ಟಡದಲ್ಲಿ ಗಾಜಿನ ಛಾವಣಿಯಿಂದ 40 ಮೀಟರ್ ಕೆಳಗೆ ನೀರು ಧುಮುಕುತ್ತದೆ. ಗೋಕಾಕ ಜಲಪಾತ ನೋಡಿದ್ದ ಮಗಳು ಕಬ್ಬಿಣದ ಕಟಾಂಜನ ಹಿಡಿದು ಬಹಳ ಹೊತ್ತು ನಿಂತಳು. ಬೆಂಗಳೂರಿನಿಂದ ವಿಜಯಪುರದ ರೈಲಿಗೆ ವಿಮಾನ ಇಳಿಯುವ ದಿನದ ಟಿಕೆಟ್ ಬೇಡ, ಮರುದಿನದ್ದು ಮಾಡಿಸಿ. ರೈಲಿನಲ್ಲಿ ತಿನ್ನಿಸಲು ನಮ್ಮಲ್ಲಿ ಇನ್ನೂ ನಾಲ್ಕು ರೊಟ್ಟಿ ಉಳಿದಿದ್ದವು.