ಧ್ರುವೀಯತೆಯೊಂದನ್ನೇ ನೋಡಿ ಕುದಿಬಿಂದು ಹೇಳಬಹುದೇ?

ಧ್ರುವೀಯ ಅಣುಗಳು (ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ ವಿದ್ಯುದಂಶ ಇರುವಂಥವು) ಒಂದನ್ನೊಂದು ಬಲವಾಗಿ ಸೆಳೆಯುತ್ತವೆ, ಅಧ್ರುವೀಯ ಅಣುಗಳ ಸೆಳೆತ ದುರ್ಬಲ ಎಂಬ ಮಾತನ್ನು ರಸಾಯನಶಾಸ್ತ್ರ ಕಲಿತವರಲ್ಲಿ ಬಹುಪಾಲು ಮಂದಿ ಬಾಯಿಪಾಠ ಮಾಡಿರುತ್ತಾರೆ. ಮಾತು ಪೂರ್ತಿ ತಪ್ಪಲ್ಲ; ಆದರೆ ಅದನ್ನೇ ಅಳತೆಗೋಲಾಗಿ ಹಿಡಿದರೆ ಹೈಡ್ರೋಜನ್ ಹ್ಯಾಲೈಡುಗಳ ಬಳಿಯೇ ಲೆಕ್ಕ ತಪ್ಪುತ್ತದೆ. ಹೈಡ್ರೋಜನ್ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್‌ಗಳ ದ್ವಿಧ್ರುವ ಮಹತ್ವ, ಅಂದರೆ ಧ್ರುವೀಯತೆಯ ಅಳತೆ, ಕ್ರಮವಾಗಿ ಸುಮಾರು 1.08, 0.82 ಮತ್ತು 0.44 ಡಿಬೈ (ಅದನ್ನು ಅಳೆಯುವ ಮಾನ). ಅಣುಗಳ ನಡುವಿನ ಸೆಳೆತ ಬಲವಾದಷ್ಟೂ ಕುದಿಬಿಂದು ಹೆಚ್ಚು; ಹಾಗಾಗಿ ಧ್ರುವೀಯತೆ ಹೀಗೆ ಇಳಿಯುತ್ತಾ ಹೋದರೆ ಕುದಿಬಿಂದುವೂ ಇಳಿಯಬೇಕಿತ್ತು. ಅದು ಮಾತ್ರ ಮೈನಸ್ 85 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 67ಕ್ಕೆ, ಅಲ್ಲಿಂದ ಮೈನಸ್ 35ಕ್ಕೆ ಏರುತ್ತದೆ.

ಇದಕ್ಕೆ ಕಾರಣವಾದ ಬಲವನ್ನು 1930ರಲ್ಲಿ ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ ಕ್ವಾಂಟಂ ಸಿದ್ಧಾಂತದ ನೆರವಿನಿಂದ ವಿವರಿಸಿದರು. ಅಣುವಿನ ಎಲೆಕ್ಟ್ರಾನ್ ಮೋಡ ಯಾವ ಕ್ಷಣದಲ್ಲೂ ಸಂಪೂರ್ಣ ಸಮವಾಗಿ ಹರಡಿರುವುದಿಲ್ಲ. ಒಂದು ಕಡೆ ಅದು ತುಸು ದಟ್ಟವಾದಾಗ ಹುಟ್ಟುವ ಕ್ಷಣಿಕ ದ್ವಿಧ್ರುವವು ನೆರೆಯ ಅಣುವಿನ ಮೋಡವನ್ನೂ ತನಗೆ ಅನುಗುಣವಾಗಿ ವಾಲಿಸುವುದರಿಂದ ಎರಡರ ನಡುವೆ ಸೆಳೆತ ಉಂಟಾಗುತ್ತದೆ. ಅಯೋಡಿನ್ ಪರಮಾಣುವಿನಲ್ಲಿ 53 ಎಲೆಕ್ಟ್ರಾನುಗಳಿದ್ದು, ಹೊರಗಿನವು ನ್ಯೂಕ್ಲಿಯಸ್ಸಿನಿಂದ ದೂರದಲ್ಲಿ ಸಡಿಲವಾಗಿರುವ ಕಾರಣ ಅದರ ಮೋಡ ಸುಲಭವಾಗಿ ವಾಲುತ್ತದೆ. ಈ ಬಲ ಎಲ್ಲ ಅಣುಗಳಲ್ಲೂ ಇದೆ, ಧ್ರುವೀಯ ಅಣುಗಳಲ್ಲೂ ಇದೆ ಎಂಬುದನ್ನು ನಮ್ಮ ಪಾಠಗಳು ಒತ್ತಿ ಹೇಳುವುದಿಲ್ಲವೆಂಬುದು ನನ್ನ ದೂರು. ಅಧ್ರುವೀಯವಾದ ಕಾರ್ಬನ್ ಟೆಟ್ರಾಕ್ಲೋರೈಡ್ 77 ಡಿಗ್ರಿಯಲ್ಲಿ ಕುದಿದರೆ, ಧ್ರುವೀಯವಾದ ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುತ್ತದೆ.

ಹಾಗಾದರೆ ಧ್ರುವೀಯತೆಯ ಪಾಲೆಷ್ಟು? ಅದನ್ನು ಪ್ರಾಮಾಣಿಕವಾಗಿ ಅಳೆಯಲು ಗಾತ್ರವೂ ಎಲೆಕ್ಟ್ರಾನುಗಳ ಸಂಖ್ಯೆಯೂ ಒಂದೇ ಆಗಿರುವ ಅಣುಗಳನ್ನು ಹೋಲಿಸಬೇಕು. 1,2-ಡೈಕ್ಲೋರೋಎಥೀನ್‌ನ ಸಿಸ್ ರೂಪದಲ್ಲಿ ಎರಡೂ ಕ್ಲೋರಿನ್ ಪರಮಾಣುಗಳು ದ್ವಿಬಂಧದ ಒಂದೇ ಬದಿಗಿರುವುದರಿಂದ ಬಂಧಗಳ ಧ್ರುವೀಯತೆ ಕೂಡಿಕೊಳ್ಳುತ್ತದೆ; ಟ್ರಾನ್ಸ್ ರೂಪದಲ್ಲಿ ಅವು ಎದುರುಬದುರಾಗಿದ್ದು ಪರಸ್ಪರ ರದ್ದಾಗುತ್ತವೆ. ಮೊದಲನೆಯದು ಸುಮಾರು 60 ಡಿಗ್ರಿಯಲ್ಲಿ, ಎರಡನೆಯದು 48 ಡಿಗ್ರಿಯಲ್ಲಿ ಕುದಿಯುತ್ತದೆ. ಈ 12 ಡಿಗ್ರಿಗಳ ಅಂತರ ಬಹುಮಟ್ಟಿಗೆ ಆಕಾರದಿಂದ ಬಂದ ಧ್ರುವೀಯತೆಯದು. ಬಂಧ ಧ್ರುವೀಯವಾದ ಮಾತ್ರಕ್ಕೆ ಅಣುವೂ ಹಾಗೆಯೇ ಇರಬೇಕಿಲ್ಲ ಎಂಬುದಕ್ಕೆ ನೇರ ರೇಖೆಯಂತಿರುವ ಕಾರ್ಬನ್ ಡೈಆಕ್ಸೈಡ್ ಸಾಕ್ಷಿ. ನೈಟ್ರೋಜನ್ ಟ್ರೈಫ್ಲೋರೈಡ್ ನನಗೆ ಇನ್ನೂ ಇಷ್ಟವಾದ ಉದಾಹರಣೆ: ಅಮೋನಿಯದಂತೆಯೇ ಪಿರಮಿಡ್ ಆಕಾರವಿದ್ದರೂ, ನೈಟ್ರೋಜನ್ನಿನ ಒಂಟಿ ಜೋಡಿ (ಬಂಧದಲ್ಲಿ ತೊಡಗದ) ಎಲೆಕ್ಟ್ರಾನುಗಳು ಫ್ಲೋರಿನ್ ಬಂಧಗಳ ಸೆಳೆತಕ್ಕೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಅದರ ದ್ವಿಧ್ರುವ ಮಹತ್ವ ಕೇವಲ 0.23 ಡಿಬೈ, ಅಮೋನಿಯದ್ದು 1.47.

ನೀರಿನ ಮಾತು ಬೇರೆ. ಮೀಥೇನ್‌ನಲ್ಲೂ ನೀರಿನಲ್ಲೂ ಇರುವುದು ಹತ್ತೇ ಎಲೆಕ್ಟ್ರಾನುಗಳು. ಆದರೂ ಒಂದು ಮೈನಸ್ 161 ಡಿಗ್ರಿಯಲ್ಲಿ, ಇನ್ನೊಂದು 100 ಡಿಗ್ರಿಯಲ್ಲಿ ಕುದಿಯುತ್ತದೆ. ಆಕ್ಸಿಜನ್ನಿಗೆ ಅಂಟಿಕೊಂಡ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿನ ಒಂಟಿ ಜೋಡಿಯತ್ತ ಸೆಳೆಯಲ್ಪಟ್ಟು ಹೈಡ್ರೋಜನ್ ಬಂಧ ಏರ್ಪಡುತ್ತದೆ. ಇದರ ಶಕ್ತಿ ಮೋಲ್ ಒಂದಕ್ಕೆ ಸುಮಾರು 20 ಕಿಲೋಜೂಲ್. ಅಣುವಿನೊಳಗಿನ ಆಕ್ಸಿಜನ್–ಹೈಡ್ರೋಜನ್ ಬಂಧದ್ದು ಸುಮಾರು 460. ನೀರು ಕುದಿಯುವಾಗ ಕಡಿಯುವುದು ಮೊದಲನೆಯದು ಮಾತ್ರ. ಎರಡನೆಯದು ಆವಿಯಲ್ಲೂ ಹಾಗೆಯೇ ಉಳಿಯುತ್ತದೆ.