ಮೂವರು ಟಾಪ್ ರಿಸೀವರ್‌ಗಳು ಒಟ್ಟಿಗೆ ಇಳಿದಾಗ ಬಾಲ್ ಬಿಟ್ಟು ಸೇಫ್ಟಿಯನ್ನ ನೋಡಿ

ನಾನು ಅಮೆರಿಕದ ಒಂದು ಯೂನಿವರ್ಸಿಟಿ ಫುಟ್‌ಬಾಲ್ ಟೀಮಿನ (ಸಾಕರ್ ಅಲ್ಲ, ಕೈಯಲ್ಲಿ ಬಾಲ್ ಎಸೆದು ಹಿಡಿಯೋ ಅಮೆರಿಕನ್ ಫುಟ್‌ಬಾಲ್) ವಿಡಿಯೋ ರೂಮಲ್ಲಿ ಕೆಲಸ ಮಾಡ್ತೀನಿ. ಎಂಎಸ್ ಮಾಡೋವಾಗ ಕ್ಯಾಂಪಸ್ ಜಾಬ್ ಅಂತ ಸೇರ್ಕೊಂಡಿದ್ದು, ಆಮೇಲೆ ಅದೇ ಹೊಟ್ಟೆಪಾಡಾಯ್ತು. ಮ್ಯಾಚ್ ಮುಗಿದ ಮೇಲೆ 22 ಜನಾನೂ ಕಾಣೋ ಥರ ಮೇಲಿಂದ ತೆಗೆದ ವಿಡಿಯೋ ಬರುತ್ತೆ, ಅದನ್ನ ಒಂದೊಂದು ಪ್ಲೇ ಆಗಿ ಕತ್ತರಿಸಿ, ಯಾವ ಡೌನು (ಹತ್ತು ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಚಾನ್ಸಲ್ಲಿ ಎಷ್ಟನೇದು), ಎಷ್ಟು ಯಾರ್ಡ್ ಬೇಕಿತ್ತು, ಯಾರ್ಯಾರು ಎಲ್ಲೆಲ್ಲಿ ನಿಂತಿದ್ರು, ಡಿಫೆನ್ಸ್ ಏನ್ಮಾಡ್ತು ಅಂತೆಲ್ಲ ಟ್ಯಾಗ್ ಹಾಕಿ, ಬೆಳಿಗ್ಗೆ ಕೋಚ್‌ಗಳು ಬರೋಷ್ಟರಲ್ಲಿ ರೆಡಿ ಇಡೋದು ನಮ್ಮ ಕೆಲಸ.

ಸೀಸನ್ ಶುರು ಆಗೋಕೆ ಮುಂಚೆ ಫ್ಯಾನ್‌ಗಳದ್ದೆಲ್ಲ ಒಂದೇ ರಾಗ. "ಮೂರು ಜನ ಸೂಪರ್ ವೈಡ್ ರಿಸೀವರ್ ಇದ್ದಾರಲ್ಲ, ಮೂವರನ್ನೂ ಒಟ್ಟಿಗೆ ಇಳಿಸ್ರಪ್ಪ, ಯಾರ್ ತಡೀತಾರೆ?" ವೈಡ್ ರಿಸೀವರ್ ಅಂದ್ರೆ ಮುಂದೆ ಓಡಿ ಪಾಸ್ ಹಿಡಿಯೋನು. ಇಳಿಸೋದೇನು ಕಷ್ಟ ಅಲ್ಲ. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯೋನು) ಬಿಟ್ಟು ಪಾಸ್ ಹಿಡಿಯೋಕೆ ಅರ್ಹತೆ ಇರೋರು ಐದು ಜನ, ಅದರಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ (ಬಾಲ್ ಹಿಡ್ಕೊಂಡು ಓಡೋನು), ಒಬ್ಬ ಟೈಟ್ ಎಂಡ್ (ಪಾಸೂ ಹಿಡಿದು ಬ್ಲಾಕೂ ಮಾಡೋನು), ಉಳಿದ ಮೂರು ಜಾಗ ವೈಡ್ ರಿಸೀವರ್‌ಗೆ, ಈಗ ಹೆಚ್ಚಿನ ಕಾಲೇಜ್ ಟೀಮ್‌ಗಳು ಹೀಗೇ ಆಡೋದು. ತಲೆನೋವು ಶುರು ಆಗೋದು ಯಾರನ್ನ ಎಲ್ಲಿ ನಿಲ್ಲಿಸ್ಬೇಕು ಅನ್ನೋದ್ರಲ್ಲಿ. ಯಾಕಂದ್ರೆ ಹೈಸ್ಕೂಲಲ್ಲಿ ಈ ಮೂವರೂ ತಮ್ಮ ತಮ್ಮ ಊರಿನ ಹೀರೋಗಳು, ಮೂವರೂ ಸೈಡ್‌ಲೈನ್ ಹತ್ರ ಹೊರಗಡೆ ನಿಂತು, ಒಬ್ಬನೇ ಕಾರ್ನರ್‌ನ (ರಿಸೀವರ್‌ನ ಕಾಯೋ ಡಿಫೆಂಡರ್‌ನ) ಸೋಲಿಸಿ ಬೆಳೆದೋರು. ಮೂರನೇ ಜಾಗ ಇರೋದು ಒಳಗಡೆ, ಸ್ಲಾಟ್‌ನಲ್ಲಿ. ಅಲ್ಲಿ ಆಸರೆಗೆ ಸೈಡ್‌ಲೈನ್ ಇಲ್ಲ, ಎರಡೂ ಕಡೆಯಿಂದ ಏಟು ಬೀಳುತ್ತೆ, ಲೈನ್‌ಬ್ಯಾಕರ್ (ನಡುವೆ ನಿಲ್ಲೋ ದಪ್ಪ ಡಿಫೆಂಡರ್) ಎಲ್ಲಿ ಖಾಲಿ ಬಿಟ್ಟ ಅಂತ ಓಡ್ತಾ ಓಡ್ತಾನೇ ನೋಡ್ಕೊಂಡು ರೂಟ್ ಬದಲಾಯಿಸ್ಬೇಕು, ಮೇಲಾಗಿ ರನ್ ಪ್ಲೇ ಬಂದ್ರೆ ತನಗಿಂತ ದಪ್ಪ ಇರೋನ್ನ ಬ್ಲಾಕ್ ಮಾಡ್ಬೇಕು. ನಮ್ಮ ಕೆ.ಎಲ್. ರಾಹುಲ್ ಓಪನರ್ ಆಗಿದ್ದೋರು 2023ರ ವರ್ಲ್ಡ್ ಕಪ್ಪಲ್ಲಿ ಐದನೇ ನಂಬರಲ್ಲಿ ಬಂದು ಕೀಪಿಂಗೂ ಮಾಡಿದ್ರಲ್ಲ, ಹೆಚ್ಚುಕಮ್ಮಿ ಆ ಥರದ ತ್ಯಾಗ ಇದು.

ಇದಕ್ಕೆ ನಮ್ ಆಫೀಸಲ್ಲಿ ಎಲ್ಲರೂ ತೆಗೆಯೋ ಉದಾಹರಣೆ 2019ರ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಟೀಮು. ಜಸ್ಟಿನ್ ಜೆಫರ್ಸನ್ 2018ರಲ್ಲಿ ಹೆಚ್ಚಾಗಿ ಹೊರಗಡೆ ಆಡ್ತಿದ್ದ, 54 ಕ್ಯಾಚು, 875 ಯಾರ್ಡು. ಮುಂದಿನ ವರ್ಷ ಅವನನ್ನ ಸ್ಲಾಟ್‌ಗೆ ತಂದ್ರು, ಹೊರಗಡೆ ಜಾಮಾರ್ ಚೇಸ್ ಮತ್ತೆ ಟೆರೆಸ್ ಮಾರ್ಷಲ್. ಜೆಫರ್ಸನ್ 111 ಕ್ಯಾಚ್ ಹಿಡಿದು 1,540 ಯಾರ್ಡ್ ಮಾಡಿದ, ಚೇಸ್ 1,780 ಯಾರ್ಡು, 20 ಟಚ್‌ಡೌನು, ಮಾರ್ಷಲ್‌ಗೆ ಯಾರ್ಡ್ ಕಮ್ಮಿ ಆದ್ರೂ 13 ಟಚ್‌ಡೌನ್ ಬಂತು, ಕ್ವಾರ್ಟರ್‌ಬ್ಯಾಕ್ ಜೋ ಬರೋ 60 ಟಚ್‌ಡೌನ್ ಪಾಸ್ ಎಸೆದ, ಟೀಮು 15ಕ್ಕೆ 15 ಗೆದ್ದು ಚಾಂಪಿಯನ್. ಒಳಗೆ ಹೋದವನದ್ದೇ ಅತಿ ಹೆಚ್ಚು ಕ್ಯಾಚು ಅನ್ನೋದನ್ನ ಗಮನಿಸಿ. ಸ್ಲಾಟ್ ಅಂದ್ರೆ ಡಿಮೋಷನ್ ಅಂತ ಮುಖ ಊದಿಸ್ಕೊಳ್ಳೋ ಹುಡುಗರಿಗೆ ರಿಸೀವರ್ ಕೋಚ್ ಮೊದಲು ತೋರಿಸೋದು ಈ ನಂಬರ್‌ಗಳನ್ನೇ.

ಇನ್ನು ಮೈದಾನದ ಲೆಕ್ಕ. ಅಗಲ 160 ಅಡಿ. ಕಾಲೇಜಲ್ಲಿ ಹ್ಯಾಶ್ ಗೆರೆಗಳು (ಪ್ಲೇ ಶುರು ಮಾಡೋಕೆ ಬಾಲ್ ಇವುಗಳ ಮೇಲೆ ಇಲ್ಲಾ ನಡುವೆ ಇಡ್ತಾರೆ) ಎರಡೂ ಸೈಡ್‌ಲೈನಿಂದ 60 ಅಡಿ ಒಳಗಿರ್ತವೆ, ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇನ್ನೂ ನಡುವಿಗೆ. ಹಾಗಾಗಿ ಕಾಲೇಜಲ್ಲಿ ಬಾಲ್ ಎಡ ಹ್ಯಾಶ್ ಮೇಲಿದ್ರೆ ಎಡಕ್ಕೆ 60 ಅಡಿ, ಬಲಕ್ಕೆ 100 ಅಡಿ. ಈ ಒಂದು ಕಾರಣಕ್ಕೇ ಕಾಲೇಜ್ ಆಟದಲ್ಲಿ ಮೂವರು ಒಳ್ಳೆ ರಿಸೀವರ್ ಇದ್ರೆ ಡಿಫೆನ್ಸ್‌ಗೆ ನಿಜವಾದ ಸಂಕಟ. ಸಣ್ಣ ಕಡೆ ಒಬ್ಬನನ್ನ ಒಂಟಿಯಾಗಿ ಬಿಟ್ಟು ಇಬ್ಬರನ್ನ ಅಗಲದ ಕಡೆ ಹಾಕಿದ್ರೆ, ಹಿಂದೆ ನಿಂತಿರೋ ಇಬ್ಬರು ಸೇಫ್ಟಿಗಳು (ಡಿಫೆನ್ಸಿನ ಕೊನೆ ಸಾಲಿನೋರು) ಯಾರಿಗೆ ಸಹಾಯಕ್ಕೆ ಹೋಗ್ಬೇಕು?

ಹೋದ ಸೀಸನ್ನಿನ ನಮ್ಮದೇ ಒಂದು ಪ್ಲೇ ಹೇಳ್ತೀನಿ. ಥರ್ಡ್ ಡೌನು, ಆರು ಯಾರ್ಡ್ ಬೇಕು, ಬಾಲು ಎಡ ಹ್ಯಾಶಲ್ಲಿ. ಎಡಗಡೆ ಒಂಟಿಯಾಗಿ ನಮ್ಮ ನಂಬರ್ ಒನ್ ರಿಸೀವರು. ಸ್ನ್ಯಾಪ್ (ಬಾಲ್ ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡೋದು) ಆಗೋವರೆಗೂ ಇಬ್ಬರು ಸೇಫ್ಟಿಗಳೂ ಒಂದೇ ಆಳದಲ್ಲಿ ಅಮಾಯಕರ ಥರ ನಿಂತಿದ್ರು, ಬಾಲ್ ಕ್ವಾರ್ಟರ್‌ಬ್ಯಾಕ್ ಕೈಗೆ ಬಂದಿದ್ದೇ ತಡ ಎಡಗಡೆ ಸೇಫ್ಟಿಯ ಸೊಂಟ ಹೊರಕ್ಕೆ ತಿರುಗ್ತು. ನೋಡಿ, ಕಾಲಲ್ಲ, ಸೊಂಟ. ಕಾಲು ಸುಳ್ಳು ಹೇಳುತ್ತೆ, ಸೊಂಟ ತಿರುಗಿದ್ರೆ ವಾಪಸ್ ಬರೋಕೆ ಟೈಮ್ ಬೇಕು. ಅವನು ಬಿಟ್ಟ ಜಾಗಕ್ಕೆ ಬಲಗಡೆ ಸ್ಲಾಟಿಂದ ನಮ್ಮ ಹುಡುಗ ಅಡ್ಡಕ್ಕೆ ಓಡಿ ಬಂದ, ಆರಾಮಾಗಿ ಕ್ಯಾಚು, ಫಸ್ಟ್ ಡೌನು, ಅಂದ್ರೆ ಮತ್ತೆ ಹೊಸದಾಗಿ ನಾಲ್ಕು ಚಾನ್ಸು. ಸ್ಕೋರ್ ಶೀಟಲ್ಲಿ ಸ್ಲಾಟ್ ಹುಡುಗನ ಹೆಸರು ಬಂತು, ನಂಬರ್ ಒನ್ ಹೆಸರಿಲ್ಲ, ಆದ್ರೆ ಇಬ್ಬರು ಡಿಫೆಂಡರ್‌ಗಳನ್ನ ಸೈಡ್‌ಲೈನಿಗೆ ಎಳ್ಕೊಂಡು ಹೋಗಿದ್ದು ಅವನೇ.

ಅದಕ್ಕೇ ನಮ್ಮ ಶೀಟಲ್ಲಿ ಒಂದು ಕಾಲಂ ಇದೆ, ಸ್ನ್ಯಾಪ್ ಆದ ಮೇಲೆ ಸೇಫ್ಟಿ ಯಾರ ಕಡೆ ವಾಲಿದ ಅಂತ. ಈ ಕೆಲಸದಲ್ಲಿ ನಾನು ಕಲ್ತಿದ್ದು ಅಂದ್ರೆ ಇದೇ: ಮೂವರನ್ನ ಒಟ್ಟಿಗೆ ಆಡಿಸೋದ್ರ ಲಾಭ ಯಾರಿಗೆ ಬಾಲ್ ಸಿಕ್ತು ಅನ್ನೋದ್ರಲ್ಲಿ ಕಾಣಲ್ಲ, ಯಾರನ್ನ ನೋಡಿ ಡಿಫೆನ್ಸ್ ಹೆದರ್ತು ಅನ್ನೋದ್ರಲ್ಲಿ ಕಾಣುತ್ತೆ. ಹೊಸದಾಗಿ ಬರೋ ಸ್ಟೂಡೆಂಟ್‌ಗಳಿಗೆ ನಾನು ಮೊದಲು ಹೇಳೋದೂ ಅದೇ, ಮೊದಲ ಸಲ ಪ್ಲೇ ಮಾಡ್ದಾಗ ಬಾಲ್ ಹಿಂದೆ ಕಣ್ಣು ಹೋಗೇ ಹೋಗುತ್ತೆ, ಹೋಗ್ಲಿ ಬಿಡಿ, ರಿವೈಂಡ್ ಮಾಡಿ ಹಿಂದಿನ ಇಬ್ಬರನ್ನ ಮಾತ್ರ ನೋಡಿ, ಆಮೇಲೆ ಟ್ಯಾಗ್ ಹಾಕಿ.

ದೊಡ್ಡ ಮಟ್ಟದಲ್ಲಿ ನೋಡ್ಬೇಕಂದ್ರೆ ಓಹಾಯೋ ಸ್ಟೇಟ್. 2025ರ ಜನವರಿಯ ಸೆಮಿಫೈನಲ್ಲಲ್ಲಿ ಟೆಕ್ಸಸ್ ಟೀಮು ಓಹಾಯೋ ಸ್ಟೇಟ್‌ನ ರಿಸೀವರ್ ಜೆರೆಮಯಾ ಸ್ಮಿತ್ ಒಬ್ಬನ ಮೇಲೇ ಕಣ್ಣಿಟ್ಟು ಒಂದೇ ಒಂದು ಕ್ಯಾಚ್ ಕೊಡ್ತು, ಅದೂ 3 ಯಾರ್ಡ್‌ಗೆ. ಟಿವಿಯಲ್ಲಿ ನೋಡಿದೋರು ಹುಡುಗ ಫೇಲ್ ಆದ ಅಂದ್ಕೊಂಡಿರ್ತಾರೆ. ಆದ್ರೆ ಓಹಾಯೋ ಸ್ಟೇಟ್ 28-14ರಲ್ಲಿ ಗೆಲ್ತು, ಎಲ್ಲರೂ ಅವನ ಹಿಂದೆ ಬಿದ್ರೆ ಎಗ್‌ಬುಕಾ, ಕಾರ್ನೆಲ್ ಟೇಟ್ ಅಂಥೋರು ಮಿಕ್ಕಿರ್ತಾರಲ್ಲ. ಹತ್ತು ದಿನ ಬಿಟ್ಟು ಫೈನಲ್ಲಲ್ಲಿ ನಾಟರ್ ಡೇಮ್ ವಿರುದ್ಧ ಕೊನೆ ನಿಮಿಷಗಳಲ್ಲಿ ಥರ್ಡ್ ಡೌನು, 11 ಯಾರ್ಡ್ ಬೇಕು, ಸ್ಮಿತ್ ಎದುರಿಗೆ ಒಬ್ಬನೇ ಕಾರ್ನರು, 56 ಯಾರ್ಡ್ ಪಾಸು, ಕಥೆ ಮುಗೀತು.

ಇನ್ನೊಂದು, ಮೂವರನ್ನ ಇಳಿಸಿ ಮೂವರನ್ನೂ ಅದೇ ಅದೇ ಜಾಗದಲ್ಲಿ ನೆಟ್ಟುಬಿಟ್ರೆ ಒಂದು ತಿಂಗಳಲ್ಲಿ ಎಲ್ಲಾ ಟೀಮುಗಳೂ ಉತ್ತರ ಕಂಡ್ಕೊಳ್ತಾರೆ, ನಮ್ಮಂಥೋರು ಆ ಕಡೆ ಆಫೀಸಲ್ಲೂ ಕೂತಿರ್ತಾರೆ! 2021ರ ಜನವರಿಯ ಫೈನಲ್ಲಲ್ಲಿ ಅಲಬಾಮಾದವರು ಡೆವಾಂಟಾ ಸ್ಮಿತ್‌ನ ಒಂದೆಡೆ ನಿಲ್ಲೋಕೇ ಬಿಡ್ಲಿಲ್ಲ, ಮೋಷನ್ (ಸ್ನ್ಯಾಪ್‌ಗೆ ಮುಂಚೆ ಜಾಗ ಬದಲಿಸಿ ಓಡೋದು), ಸ್ಲಾಟು, ಹೊರಗೆ ಅಂತ ಓಡಾಡಿಸಿ ಒಂದು ಹಂತದಲ್ಲಿ ಅವನ ಮೇಲೆ ಲೈನ್‌ಬ್ಯಾಕರ್ ಬೀಳೋ ಹಾಗೆ ಮಾಡಿದ್ರು. ಹೀಸ್ಮನ್ (ಕಾಲೇಜ್ ಫುಟ್‌ಬಾಲಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ) ಗೆದ್ದ ರಿಸೀವರ್ ಹಿಂದೆ ಲೈನ್‌ಬ್ಯಾಕರ್ ಓಡೋದು, ಪಾಪ. ಫಸ್ಟ್ ಹಾಫಲ್ಲೇ 215 ಯಾರ್ಡು, ಮೂರು ಟಚ್‌ಡೌನು. ಅದೇ ಮೂವರು ಫೀಲ್ಡಲ್ಲೇ ಇದ್ದು ಜಾಗ ಮಾತ್ರ ಬದಲಾಯಿಸೋದ್ರಿಂದ ಇನ್ನೊಂದು ಅನುಕೂಲ ಇದೆ, ಆಫೆನ್ಸ್ ಆಟಗಾರರನ್ನ ಬದಲಿಸಿದ್ರೆ ಅಂಪೈರು ಡಿಫೆನ್ಸ್‌ಗೂ ಬದಲಿಸೋಕೆ ಟೈಮ್ ಕೊಡ್ತಾರೆ, ಬದಲಿಸದೇ ಬೇಗ ಬೇಗ ಆಡಿದ್ರೆ ಸುಸ್ತಾದ ಡಿಫೆಂಡರ್ ಅಲ್ಲೇ ಸಿಕ್ಕಾಕೊಳ್ತಾನೆ. ನಮ್ಮೋರಿಗೂ ಸುಸ್ತಾಗುತ್ತೆ ಬಿಡಿ, ಅದಕ್ಕೆ ಬೇರೆ ಶೀಟಿದೆ.

ಮೂರಕ್ಕೆ ಓಕೆ, ನಾಲ್ಕನೆಯವನು ಬಂದಾಗ ಫಜೀತಿ. ಓಹಾಯೋ ಸ್ಟೇಟಲ್ಲಿ 2021ಕ್ಕೆ ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ ಹೊರಗಡೆ, ಸ್ಲಾಟಲ್ಲಿ ಜ್ಯಾಕ್ಸನ್ ಸ್ಮಿತ್-ಎಂಜಿಗ್ಬಾ. ಜೇಮ್ಸನ್ ವಿಲಿಯಮ್ಸ್‌ಗೆ ಜಾಗ ಕಾಣಲಿಲ್ಲ, ಅಲಬಾಮಾಗೆ ಹೋಗಿ 1,572 ಯಾರ್ಡ್ ಮಾಡಿದ, 2022ರ ಡ್ರಾಫ್ಟಲ್ಲಿ (ಎನ್‌ಎಫ್‌ಎಲ್ ಟೀಮ್‌ಗಳು ಸರದಿ ಪ್ರಕಾರ ಹುಡುಗರನ್ನ ಆರಿಸೋದು) ವಿಲ್ಸನ್ 10ನೆಯವನು, ಒಲಾವೆ 11, ಅವರ ಬೆನ್ನಿಗೇ ವಿಲಿಯಮ್ಸ್ 12. ಅಂಥೋನಿಗೇ ಜಾಗ ಇರಲಿಲ್ಲ! ಈಗಂತೂ ಟ್ರಾನ್ಸ್‌ಫರ್ ಸುಲಭ, ಎರಡು ಮ್ಯಾಚಲ್ಲಿ ಬಾಲ್ ಬರಲಿಲ್ಲ ಅಂದ್ರೆ ಹುಡುಗನ ಅಪ್ಪ ಕೋಚ್‌ಗೆ ಫೋನ್ ಮಾಡ್ತಾರೆ. ಹಾಗಾಗಿ ಸೋಮವಾರದ ರಿಸೀವರ್ ಮೀಟಿಂಗ್‌ಗೆ ನಾವು ಕೊಡೋ ಕ್ಲಿಪ್‌ಗಳಲ್ಲಿ ಅರ್ಧ, ಕ್ಯಾಚ್ ಇಲ್ಲದವನು ಸೇಫ್ಟಿನ ಎಳ್ಕೊಂಡು ಹೋದ ಕ್ಲಿಪ್‌ಗಳೇ ಇರ್ತವೆ, ಅವನ ಹೆಸರು ದೊಡ್ಡದಾಗಿ ಹಾಕಿ ಕಳಿಸ್ತೀವಿ, ಕೆಲವು ಹುಡುಗರು ಆ ಕ್ಲಿಪ್ಪನ್ನ ತಮ್ಮ ಫೋನ್‌ಗೂ ಕೇಳಿ ಇಸ್ಕೊಳ್ತಾರೆ.