ಎರಡೇ ದಿನ ಇದೆ, ಗೈಡ್ ಬೇಕಾ?

ಮಕ್ಕಳಿಗೆ ರಜೆ ಶುರುವಾದರೆ ಸಾಕು, ನಮ್ಮ ಶಿವಮೊಗ್ಗದಲ್ಲಿ ನೆಂಟರು, ಅಕ್ಕಪಕ್ಕದವರು, ಜೊತೆಗೆ ಕೆಲಸ ಮಾಡಿದವರು ಎಲ್ಲರೂ ನನ್ನನ್ನು ಕೇಳುವುದು ಒಂದೇ ಮಾತು. "ಎರಡು ದಿನ ಹಂಪಿಗೆ ಹೋಗಿಬರೋಣ ಅಂತಿದ್ದೀವಿ. ಗೈಡ್ ಮಾಡ್ಕೋಬೇಕಾ? ಇಲ್ಲಾ ಪ್ಯಾಕೇಜ್ ಬಸ್ಸಲ್ಲೇ ಹೋಗೋದು ವಾಸಿನಾ?" ಊರು ಮಾತ್ರ ಆಗಾಗ ಬದಲಾಗುತ್ತದೆ. ಬಾದಾಮಿ, ಹಳೇಬೀಡು, ಮೈಸೂರು, ಹೀಗೆ.

ಗೈಡ್ ಮಾಡಿಕೊಳ್ಳಿ. ದಿನ ಕಡಿಮೆ ಇದ್ದಷ್ಟೂ ಗೈಡ್ ಬೇಕು. ಒಂದು ವಾರ ಇದ್ದರೆ ನೀವೇ ಅಲೆದಾಡಿ, ದಾರಿ ತಪ್ಪಿ, ನಿಧಾನಕ್ಕೆ ಕಂಡುಕೊಳ್ಳಬಹುದು. ಎರಡು ದಿನಕ್ಕೆ ಅದು ಆಗುವ ಮಾತಲ್ಲ. ಆದರೆ "ಎಷ್ಟು ಜಾಗ ತೋರಿಸ್ತೀರಿ?" ಅಂತ ಕೇಳಿ ಆರಿಸಬೇಡಿ. "ಒಂದೊಂದು ಕಡೆ ಎಷ್ಟು ಹೊತ್ತು ಇರ್ತೀವಿ?" ಅಂತ ಕೇಳಿ. ಟೂರ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಲೆಕ್ಕ ಹಾಕಿ ನೋಡಿ. ಹಂಪಿಯ ಸ್ಮಾರಕಗಳು ಸುಮಾರು 40 ಚದರ ಕಿಲೋಮೀಟರ್ ಜಾಗದಲ್ಲಿ ಹರಡಿಕೊಂಡಿವೆ. ಇಲ್ಲಿಂದ ಹೋಗುವುದಕ್ಕೇ ನಾಲ್ಕೈದು ಗಂಟೆ ಬೇಕು. ಅದೇ ದಿನ ಸಂಜೆ ತುಂಗಭದ್ರಾ ಡ್ಯಾಂ ಕೂಡ ತೋರಿಸಿ ರಾತ್ರಿ ವಾಪಸ್ ಕರೆತರುತ್ತೇವೆ ಅನ್ನುವ ಬಸ್ಸಿನಲ್ಲಿ ನೀವು ನೋಡುವುದು ಏನು? ಜಾಸ್ತಿ ಹೊತ್ತು ಬಸ್ಸಿನ ಕಿಟಕಿಯನ್ನೇ. ಇಳಿ, ಫೋಟೋ ತೆಗಿ, ಹತ್ತು. ವಯಸ್ಸಾದವರಿಗಂತೂ ಇಳಿದು ಹತ್ತುವುದರಲ್ಲೇ ಸುಸ್ತು.

ಹಜಾರರಾಮ ದೇವಸ್ಥಾನವನ್ನೇ ತಗೊಳ್ಳಿ. ಅರಮನೆ ಆವರಣದ ನಡುವೆ ಇರುವ, ಹಂಪಿಯ ಲೆಕ್ಕದಲ್ಲಿ ಚಿಕ್ಕದೇ ಆದ ಗುಡಿ. ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ ಬಂದುಬಿಡಬಹುದು, ಏನೂ ಕಂಡಿರುವುದಿಲ್ಲ. ಒಳ್ಳೆಯ ಗೈಡ್ ಆದರೆ ಒಳಗೆ ಹೋಗುವ ಮುಂಚೆ ಹೊರಗಿನ ಗೋಡೆಯ ಹತ್ತಿರವೇ ನಿಲ್ಲಿಸುತ್ತಾರೆ. ಅಲ್ಲಿ ಸಾಲಾಗಿ ಆನೆಗಳು, ಇನ್ನೊಂದು ಸಾಲಿನಲ್ಲಿ ಕುದುರೆಗಳು, ಸೈನಿಕರು, ಕುಣಿಯುವ ಹೆಂಗಸರು. ಮಹಾನವಮಿಯ ಮೆರವಣಿಗೆ ಹೀಗೇ ಹೋಗುತ್ತಿತ್ತು ಅಂತ ಅವರು ಹೇಳಿದ ಮೇಲೆ ಆ ಗೋಡೆ ಬೇರೆಯೇ ಆಗಿ ಕಾಣುತ್ತದೆ. ಒಳಗೆ ಮಂಟಪದ ಗೋಡೆಯ ಮೇಲೆ ರಾಮಾಯಣ ಇದೆ. ದಶರಥನ ಯಾಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿಬಿಟ್ಟರೆ ಸಾಕು, ಆಮೇಲೆ ಪ್ರದಕ್ಷಿಣೆ ಹಾಕುತ್ತಾ ಮಕ್ಕಳೇ ಮುಂದಿನ ಕಥೆ ಹುಡುಕುತ್ತಾರೆ, ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಇದಕ್ಕೆ ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ಕೊಡುವ ಟೂರನ್ನೇ ಹುಡುಕಿ ಅನ್ನುತ್ತೇನೆ ನಾನು.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಮಹಾನವಮಿ ದಿಬ್ಬ. ಅದರ ಗೋಡೆಗಳಲ್ಲಿ ಉದ್ದ ಟೋಪಿಯ ಪರದೇಶದವರ ಕೆತ್ತನೆಗಳಿವೆ. 1443ರಲ್ಲಿ ಪರ್ಷಿಯಾದಿಂದ ಅಬ್ದುಲ್ ರಜಾಕ್, 1520ರ ಸುಮಾರಿಗೆ ಪೋರ್ಚುಗೀಸರ ಪೈಕಿ ಪಾಯೆಸ್ ಬಂದು ಈ ಊರನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾರೆ. ಆ ಕಲ್ಲಿನ ಮುಂದೆ ನಿಂತು ಇದನ್ನು ಕೇಳುವುದೇ ಬೇರೆ, ಮನೆಯಲ್ಲಿ ಕೂತು ಓದುವುದೇ ಬೇರೆ. ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಪ್ಪುಕಲ್ಲಿನ ಪುಷ್ಕರಣಿ ಇದೆ. 1980ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು. ಅದರ ಕಲ್ಲುಗಳ ಮೇಲೆ ಶಿಲ್ಪಿಗಳು ಮಾಡಿಕೊಂಡ ಗುರುತುಗಳಿವೆ, ಯಾವ ದಿಕ್ಕಿಗೆ ಯಾವ ಸಾಲಿನಲ್ಲಿ ಕೂರಿಸಬೇಕು ಅಂತ. ಹೇಳುವವರಿಲ್ಲದಿದ್ದರೆ ಅದು ಯಾರಿಗೆ ಹೊಳೆಯುತ್ತದೆ ಹೇಳಿ?

ಸರಿ, ಅಂಥ ಗೈಡನ್ನು ಹುಡುಕುವುದು ಹೇಗೆ? ಪ್ರವಾಸೋದ್ಯಮ ಇಲಾಖೆ ಕೊಟ್ಟ ಗುರುತಿನ ಚೀಟಿ ಇದೆಯಾ ನೋಡಿ. ಅದು ಮೊದಲನೆಯದು. ಆದರೆ ಅಷ್ಟೇ ಸಾಲದು. ಮುಂಚೆಯೇ ಫೋನ್ ಮಾಡಿ ಮಾತಾಡಿ. "ಎಲ್ಲಾ ಕವರ್ ಮಾಡಿಬಿಡೋಣ ಸಾರ್" ಅಂದರೆ ಇನ್ನೊಬ್ಬರನ್ನು ಹುಡುಕಿ. "ಎಷ್ಟು ಜನ ಬರ್ತಿದ್ದೀರಿ, ವಯಸ್ಸಾದವರು ಇದಾರಾ, ನಡೀತಾರಾ, ಮುಂಚೆ ಬಂದಿದ್ರಾ?" ಅಂತ ಅವರೇ ನಿಮ್ಮನ್ನು ಕೇಳಿದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ದುಡ್ಡಿನ ಮಾತು ಅಲ್ಲೇ ಮುಗಿಸಿ, ಎಷ್ಟು ಗಂಟೆಗೆ ಎಷ್ಟು ಅಂತ ಸ್ಪಷ್ಟವಾಗಿ. ಕನ್ನಡದಲ್ಲಿ ಚೆನ್ನಾಗಿ ಹೇಳುವವರೇ ಬೇಕು ಅಂತ ಸಂಕೋಚವಿಲ್ಲದೆ ಕೇಳಿ, ಮನೆಯಲ್ಲಿ ಅಜ್ಜಿ ತಾತ ಜೊತೆಗೆ ಬಂದಿದ್ದರೆ ಅವರಿಗೂ ಅರ್ಥ ಆಗಬೇಕಲ್ವಾ? ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ಬಡಿಯುವಂತಿಲ್ಲ. "ಯಾರೂ ಇಲ್ಲ, ನಿಮಗೋಸ್ಕರ ಒಂದ್ಸಲ ತಟ್ಟಿ ತೋರಿಸ್ತೀನಿ" ಅನ್ನುವವರು ಸಿಕ್ಕರೆ ಬೇಡ ಅಂತ ಗಟ್ಟಿಯಾಗಿ ಹೇಳಿ. ತಟ್ಟಿ ತಟ್ಟಿಯೇ ಅವು ಸವೆದಿರುವುದು.

ಆಟೋದವರನ್ನೇ ಗೈಡ್ ಮಾಡಿಕೊಂಡರೆ ಆಗಲ್ವಾ ಅಂತಲೂ ಕೇಳುತ್ತಾರೆ. ಓಡಾಟಕ್ಕೆ ಆಟೋ ಬೇಕೇ ಬೇಕು, ಬಿಸಿಲಿನಲ್ಲಿ ಅದಿಲ್ಲದೆ ಆಗಲ್ಲ. ಆದರೆ ಆಟೋ ಹೊರಗೆ ಕಾಯುತ್ತದೆ, ಕಥೆ ಇರುವುದು ಒಳಗೆ.

ಎರಡೂ ದಿನ ಪೂರ್ತಿ ಗೈಡ್ ಇಟ್ಟುಕೊಳ್ಳಬೇಡಿ. ಮೊದಲ ದಿನ ಬೆಳಿಗ್ಗೆ ಅರ್ಧ ದಿನ ಸಾಕು. ಸಾಧ್ಯವಾದರೆ ಕಮಲಾಪುರದ ಮ್ಯೂಸಿಯಂನಿಂದ ಶುರುಮಾಡಿ. ಅಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಬೆಟ್ಟ, ಹೊಳೆ, ಊರು ಎಲ್ಲ ಒಂದೇ ನೋಟಕ್ಕೆ ತಲೆಗೆ ಹತ್ತುತ್ತದೆ. ಶುಕ್ರವಾರ ಮಾತ್ರ ಬಾಗಿಲು ಹಾಕಿರುತ್ತದೆ, ನೆನಪಿರಲಿ. ವಿಠ್ಠಲ ದೇವಸ್ಥಾನಕ್ಕೆ ತೆಗೆದುಕೊಂಡ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ಈ ಮ್ಯೂಸಿಯಂಗೂ ನಡೆಯುತ್ತದೆ, ಎಸೆಯಬೇಡಿ. ಎರಡನೇ ದಿನ ಇಷ್ಟವಾದ ಜಾಗಕ್ಕೆ ನೀವೇ ಮತ್ತೆ ಹೋಗಿ, ಸುಮ್ನೆ ಕೂತು ಬನ್ನಿ.

ಮೈಸೂರು ಅರಮನೆಗೆ ಆಡಿಯೋ ಗೈಡ್ ತಗೊಂಡರೂ ಸಾಕು. ಬೇಲೂರು, ಹಳೇಬೀಡಿಗೆ ಹಾಗಲ್ಲ, ಅಲ್ಲಿ ಗೋಡೆಯಲ್ಲಿ ಒಂದಡಿ ಜಾಗವೂ ಖಾಲಿ ಇಲ್ಲ, ಜೊತೆಗೆ ಒಬ್ಬರು ಇರಲೇಬೇಕು.

ಇನ್ನು ಹೊರಗಿನವರು ನಮ್ಮ ಮಲೆನಾಡಿಗೆ ಬಂದು ಕೇಳುವುದೂ ಇದೆ. ಒಂದೇ ದಿನದಲ್ಲಿ ಇಕ್ಕೇರಿ, ಕೆಳದಿ, ನಗರದ ಕೋಟೆ, ಕವಲೇದುರ್ಗ, ಜೋಗ ಎಲ್ಲ ಆಗುತ್ತಾ ಅಂತ. ಕಾರು ಓಡುತ್ತದೆ, ನೋಡುವುದು ಆಗಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಗರ್ಭಗುಡಿಯ ಮುಂದೆ ನೆಲ ನೋಡಿಕೊಂಡು ಕಾಲಿಡಿ. ಅಲ್ಲಿ ಮೂವರು ಕೆಳದಿ ಅರಸರು ಅಡ್ಡಬಿದ್ದಿರುವ ಹಾಗೆ ಕೆತ್ತಿ ಹೆಸರು ಬರೆದಿದ್ದಾರೆ. ಒಬ್ಬನ ಕೈಕಾಲಿಗೆ ಬೇಡಿ ಇದೆ. ಅವನೇ ಹುಚ್ಚ ಸೋಮಶೇಖರ. ಇನ್ನೊಂದು ವಿಷಯ ನಮ್ಮ ತೋಟದವರಿಗೆ ತುಂಬಾ ಇಷ್ಟ. ಆ ದೇವಸ್ಥಾನದ ಕಂಬಗಳ ನಡುವಿನ ಅಂತರ, ಅಂದರೆ 18 ಅಡಿ 6 ಇಂಚು, ಒಂದು ಕಾಲಕ್ಕೆ ತೋಟ ಅಳೆಯುವ ಕೋಲಿನ ಅಳತೆ ಆಗಿತ್ತು. ಇಲ್ಲಿ ಹಂಪಿಯ ಹಾಗೆ ಸಾಲುಸಾಲು ಗೈಡ್‌ಗಳು ಸಿಗುವುದಿಲ್ಲ. ಅರ್ಚಕರಿಗೆ ಬಿಡುವಿದ್ದಾಗ ಕೇಳಿ, ಊರಿನ ಹಿರಿಯರು ಸಿಕ್ಕರೆ ಕೇಳಿ. ಕೆಳದಿಯ ಮ್ಯೂಸಿಯಂ ಮೊದಲು ನೋಡಿದರೆ ಅರ್ಧ ಕೆಲಸ ಆದ ಹಾಗೆ. ಇಕ್ಕೇರಿ, ಕೆಳದಿ ಎರಡೂ ಸಾಗರದ ಹತ್ತಿರವೇ ಇವೆ, ಒಂದು ದಿನ ಪೂರ್ತಿ ಅವಕ್ಕೇ ಇಡಿ. ಜೋಗ ಮರುದಿನ ನೋಡಬಹುದು, ಅದಕ್ಕೆ ಗೈಡ್ ಬೇಕಿಲ್ಲ.